ಕಾಲಿಗೆ ಕಟ್ಟಿದ ಹಗ್ಗ

ಕಂದಪ್ಪುವಿನಷ್ಟು ಹೆದರುವ ಮನುಷ್ಯ ಜಾಫ್ನಾದಲ್ಲಿ ಇನ್ನೊಬ್ಬನಿರಲಿಲ್ಲ. ಆ ವರ್ಷಗಳಲ್ಲಿ ಹೆದರದವರು ಯಾರಿದ್ದರು ಅನ್ನಿ. ಆದರೆ ಉಳಿದವರು ಕೈಯಲ್ಲಿದ್ದ ಚಹಾ ಕುಡಿದು ಮುಗಿಸಿ ಹೆದರುತ್ತಿದ್ದರು, ಕಂದಪ್ಪು ಲೋಟ ನೆಲಕ್ಕಿಡುವಷ್ಟೂ ತಾಳುತ್ತಿರಲಿಲ್ಲ. ಬೊಂಬರ್ ವಿಮಾನದ ಸದ್ದು ದಕ್ಷಿಣದಲ್ಲಿ ಇನ್ನೂ ಸೊಳ್ಳೆಯ ಗುಂಯ್‌ಗಾಟದಷ್ಟಿರುವಾಗಲೇ ಅವನು ಹಿತ್ತಲಿನ ಬಂಕರಿನೊಳಗೆ ಮೊಣಕಾಲಿಗೆ ಮುಖ ಹುದುಗಿಸಿ ಕುಳಿತಾಗಿರುತ್ತಿತ್ತು. ಓಣಿಯ ಹೆಂಗಸರಿಗೆ ಇದರಿಂದ ಅನುಕೂಲವೇ ಆಗಿತ್ತು. "ಕಂದಪ್ಪಣ್ಣ ಓಡಿದ್ರಾ ನೋಡೇ" ಎಂದು ಕೇಳಿ, ಓಡಿದ್ದಾನೆ ಎಂದಾದರೆ ಒಲೆಯ ಮೇಲಿನ ಪುಟ್ಟು ಇಳಿಸಿ ಮಕ್ಕಳನ್ನು ಕರೆಯುತ್ತಿದ್ದರು.

ಇಂಥವನ ಕೈಗೆ ದೇವರು ಬಾಡಿಗೆ ಕಾರು ಕೊಟ್ಟಿದ್ದ. ಅಪ್ಪ ಐವತ್ಮೂರರಲ್ಲಿ ಕೊಂಡ ಆಸ್ಟಿನ್ ಅದು, ನಲವತ್ತು ವರ್ಷ ತುಂಬಿತ್ತು. ಪೆಟ್ರೋಲು ದ್ವೀಪದ ಈ ತುದಿಗೆ ಬರುವುದು ನಿಂತ ಮೇಲೆ ಹೊಸ ಕಾರುಗಳೆಲ್ಲ ಕೊಟ್ಟಿಗೆ ಸೇರಿದವು. ಈ ಮುದಿ ಆಸ್ಟಿನ್ನುಗಳು ಮಾತ್ರ ಸೀಮೆಎಣ್ಣೆ ಕುಡಿದು, ಕೆಮ್ಮಿ, ಹೊಗೆ ಕಾರಿ ಹೇಗೋ ಓಡಿದವು. ಆದರೆ ಒಂದು ಶರತ್ತಿತ್ತು. ತಣ್ಣಗಾದ ಇಂಜಿನ್ನು ಬರೀ ಸೀಮೆಎಣ್ಣೆಗೆ ಏಳುವುದಿಲ್ಲ. ಡಾಕ್ಟರರ ಸಿರಿಂಜಿನಲ್ಲಿ ಒಂದು ಚಮಚದಷ್ಟು ಪೆಟ್ರೋಲು ಎಳೆದು ಕಾರ್ಬ್ಯುರೇಟರಿನ ಬಾಯಿಗೆ ಬಿಡಬೇಕು, ತಕ್ಷಣ ಸ್ಟಾರ್ಟರಿನ ಗುಬುಟು ಎಳೆಯಬೇಕು. ಆ ಒಂದು ಚಮಚ ಜನಕ್ಕೆ ತೀರ್ಥಕ್ಕಿಂತ ಹೆಚ್ಚಾಗಿತ್ತು. ಕಂದಪ್ಪು ತನ್ನ ಪಾಲನ್ನು ಪೆನ್ಸಿಲಿನ್ ಸೀಸೆಯೊಂದರಲ್ಲಿ ತುಂಬಿ ದೇವರ ಗೂಡಿನಲ್ಲಿಟ್ಟಿದ್ದ.

ಈಗ ಆ ಸ್ಟಾರ್ಟರ್ ಮೋಟರೇ ಸತ್ತಿತ್ತು. ಗುಬುಟು ಎಳೆದರೆ ಒಳಗೆಲ್ಲೋ 'ಟಕ್' ಎನ್ನುವುದು, ಅಷ್ಟೇ. ಮೂರು ತಿಂಗಳಿಂದ ತಳ್ಳಿಯೇ ಕಾರು ಹೊರಡಿಸಬೇಕಾಗಿತ್ತು. ತಳ್ಳುವ ಗಂಡಾಳುಗಳು ಓಣಿಯಲ್ಲಿ ಉಳಿದಿರಲಿಲ್ಲ. ಹಿಂದಿನ ತಿಂಗಳು ಹೆಂಡತಿ ಪೂಮಣಿಗೆ ಉಬ್ಬಸ ಕೆರಳಿದಾಗ ಏಳು ಹೆಂಗಸರು, ಒಬ್ಬ ಪೂಜಾರಿ ಮತ್ತು ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರು ಸೇರಿ ಪಿಳ್ಳೆಯಾರ್ ಗುಡಿಯ ತಿರುವಿನವರೆಗೂ ತಳ್ಳಿದ್ದರು. ಕಾರು ಹೊತ್ತಿಕೊಳ್ಳುವಷ್ಟರಲ್ಲಿ ಪೂಮಣಿಯ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಕಂದಪ್ಪುವನ್ನು ಹೊರಗೆ ಕರೆದು, ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕರೆತರುವುದೇ ಬೇಡವಾಗಿತ್ತು ಎಂದಿದ್ದರು.

ಅಂದಿನಿಂದ ಅವನಿಗೆ ಬೊಂಬರಿಗಿಂತ ದೊಡ್ಡ ಹೆದರಿಕೆಯೊಂದು ಅಂಟಿಕೊಂಡಿತು. ಪೂಮಣಿ ಕೆಮ್ಮಿದರೆ ಇವನ ಉಸಿರು ನಿಲ್ಲುತ್ತಿತ್ತು. ಅವಳು ಅಕ್ಕಿ ಕೇರುವಾಗ, ಕಸ ಗುಡಿಸುವಾಗ, ಹಿಂದೆಯೇ ನಿಂತು ಎದೆಯೊಳಗೆ ಸಿಳ್ಳು ಕೇಳಿಸುತ್ತದೆಯೇ ಎಂದು ಕಿವಿಗೊಡುತ್ತಿದ್ದ. "ನಾನೇನು ರೇಡಿಯೋನಾ, ಹಿಂದೆ ಹಿಂದೆ ಬಂದು ಕೇಳೋಕೆ?" ಎಂದು ಅವಳು ಬೈಯುತ್ತಿದ್ದಳು.

ಸ್ಟಾರ್ಟರ್ ಬದಲಾಯಿಸಬಲ್ಲವನು ಸುತ್ತಮುತ್ತ ಒಬ್ಬನೇ, ಸಿನ್ನರಾಸ. ಕಂದಪ್ಪುವಿನ ವಯಸ್ಸಿನವನೇ, ಜತೆಯಲ್ಲಿ ಶಾಲೆ ತಪ್ಪಿಸಿದವನು. ಎರಡು ವರ್ಷದ ಹಿಂದೆ ಅವನ ಶೆಡ್ಡಿನ ಪಕ್ಕದಲ್ಲೇ ಷೆಲ್ ಬಿದ್ದು ಎರಡೂ ಕಿವಿ ಹೋಗಿದ್ದವು. ತುಟಿ ನೋಡಿ ಮಾತು ತಿಳಿಯುತ್ತಿದ್ದ. ತಾನು ಮಾತಾಡಿದರೆ ಮೂರು ಮನೆಗೆ ಕೇಳಿಸುತ್ತಿತ್ತು. ಕಾರಿನ ಕೆಳಗೆ ಮಲಗಿದರೆ ತುಟಿಯೂ ಕಾಣಿಸುವುದಿಲ್ಲವಲ್ಲ, ಅದಕ್ಕೆ ಕಾಲಿಗೊಂದು ತೆಂಗಿನ ನಾರಿನ ಹಗ್ಗ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಕಾರಿನವನ ಕೈಗೆ ಕೊಡುತ್ತಿದ್ದ. ಒಂದು ಸಲ ಎಳೆದರೆ 'ಏನೋ ಹೇಳಬೇಕು', ಎರಡು ಸಲ ಎಳೆದರೆ 'ಬೊಂಬರ್ ಬಂತು'.

ಅವನನ್ನು ಕರೆಯಲು ಕಂದಪ್ಪು ಒಂದು ತಿಂಗಳು ತಡಮಾಡಿದ್ದಕ್ಕೆ ಕಾರಣವಿತ್ತು. ಉಬ್ಬಸದ ಆ ದಿನಕ್ಕೆ ಸ್ವಲ್ಪ ಮೊದಲು ಸಿನ್ನರಾಸ ಇದೇ ಕಾರಿನ ಕೆಳಗೆ ಸೈಲೆನ್ಸರ್ ಕಟ್ಟುತ್ತಿದ್ದಾಗ ಬೊಂಬರ್ ಬಂದಿತ್ತು. ಕಂದಪ್ಪು ಎಂದಿನಂತೆ ಓಡಿದ. ಬಂಕರಿನೊಳಗೆ ಕುಳಿತ ಮೇಲೆ ತನ್ನ ಕೈ ಖಾಲಿ ಇರುವುದು ಕಂಡಿತು. ಹೊರಗೆ ಹೋಗಲು ಕಾಲು ಏಳಲಿಲ್ಲ. ಬಾಂಬು ಎರಡು ಓಣಿ ಆಚೆ ಬಿತ್ತು. ಧೂಳು ಇಳಿದ ಮೇಲೆ ಹೊರಗೆ ಬಂದರೆ ಸಿನ್ನರಾಸ ಕಾರಿನ ಪಕ್ಕ ಕುಳಿತು ತಲೆಯ ಮಣ್ಣು ಕೊಡವಿಕೊಳ್ಳುತ್ತಿದ್ದ, ಹಗ್ಗ ನೆಲದ ಮೇಲಿತ್ತು. "ಎಳೆದೆ ಮಾರಾಯ, ಗಂಟು ಜಾರಿರಬೇಕು," ಎಂದ ಕಂದಪ್ಪು. ಸಿನ್ನರಾಸ ಹಗ್ಗ ಸುತ್ತಿಕೊಂಡು ಹೊರಟುಹೋದ.

ಈ ಸುಳ್ಳು ಕಂದಪ್ಪುವಿನ ಹೊಟ್ಟೆಯೊಳಗೆ ಕಲ್ಲಿನಂತೆ ಕೂತಿತ್ತು. ಆದರೂ ಪೂಮಣಿಯ ಸಿಳ್ಳು ದಿನದಿಂದ ದಿನಕ್ಕೆ ಜೋರಾಗಿ, ಕೊನೆಗೆ ನಾಚಿಕೆ ಬಿಟ್ಟು ಹೇಳಿಕಳಿಸಿದ.

ಸಿನ್ನರಾಸ ಬೆಳಿಗ್ಗೆ ಎಂಟಕ್ಕೇ ಸೈಕಲ್ಲಿನಲ್ಲಿ ಬಂದ. ಹಿಂದಿನ ಕ್ಯಾರಿಯರಿನಲ್ಲಿ ಗೋಣಿತಾಟು ಸುತ್ತಿದ ಸ್ಟಾರ್ಟರ್ ಮೋಟರು.

"ಕಡಲ ದಂಡೇಲಿ ಒಂದು ಸತ್ತ ಆಸ್ಟಿನ್ ಬಿದ್ದಿತ್ತಲ್ಲ, ಅದರದ್ದು ಮಚ್ಚಾನ್," ಎಂದು ಇಡೀ ಓಣಿಗೆ ಕೇಳುವಂತೆ ಹೇಳಿದ. "ಒಳಗೆ ಮೇಕೆ ಮರಿ ಹಾಕಿತ್ತು. ಬೋಲ್ಟ್ ಬಿಚ್ಚೋಕೆ ಅರ್ಧ ಗಂಟೆ, ಮೇಕೆ ಎಬ್ಬಿಸೋಕೆ ಅರ್ಧ ದಿನ. ಲಾರಿ ಡೈನಮೋ ಬ್ರಷ್ ಉಜ್ಜಿ ಹಾಕಿದೀನಿ. ಹಲ್ಲು ಚೆನ್ನಾಗಿದೆ, ನಿನ್ನ ಹಲ್ಲಿಗಿಂತ ಚೆನ್ನಾಗಿದೆ."

ಕಾರು ಬೇವಿನ ಮರದಡಿ ತೆಂಗಿನ ಗರಿ ಹೊದ್ದು ನಿಂತಿತ್ತು, ಮೇಲಿನವರ ಕಣ್ಣಿಗೆ ಬೀಳದಿರಲೆಂದು. ಇಬ್ಬರೂ ಸೇರಿ ಮುಂದಿನ ಗಾಲಿಗಳನ್ನು ತಾಳೆದಿಮ್ಮಿಯ ಮೇಲೆ ಏರಿಸಿದರು.

"ಮೊದಲು ಬ್ಯಾಟರಿ ವಯರ್ ಬಿಚ್ಚು. ಒಂದು ಕಿಡಿ ಹಾರಿದ್ರೂ ಈ ಎಣ್ಣೆ ಜಿಡ್ಡಿಗೆ ನಾನು ಕೆಳಗೇ ಬೆಂದುಹೋಗ್ತೀನಿ."

ಕಂದಪ್ಪು ವಯರ್ ಬಿಚ್ಚಿ ಪಕ್ಕಕ್ಕೆ ಬಗ್ಗಿಸಿಟ್ಟ. ಸಿನ್ನರಾಸ ಹಗ್ಗ ತೆಗೆದು ತನ್ನ ಎಡಗಾಲಿಗೆ ಬಿಗಿದುಕೊಂಡ. ಇನ್ನೊಂದು ತುದಿಯನ್ನು ಕಂದಪ್ಪುವಿನ ಕೈಗೆ ಕೊಡಲಿಲ್ಲ. ಅವನ ಎಡ ಮಣಿಕಟ್ಟು ಹಿಡಿದು, ಎರಡು ಸುತ್ತು ಸುತ್ತಿ, ಗಂಟು ಹಾಕಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ.

"ಹಿಡ್ಕೊಳ್ಳೋ ಕಷ್ಟ ನಿನಗ್ಯಾಕೆ," ಎಂದ.

ಕಂದಪ್ಪು ಅವನ ಮುಖದಲ್ಲಿ ಸಿಟ್ಟು ಹುಡುಕಿದ, ಸಿಗಲಿಲ್ಲ. ಸಿಕ್ಕಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ಹಳೆಯ ಮೋಟರು ಬಿಚ್ಚುವಷ್ಟರಲ್ಲಿ ಹತ್ತು ಗಂಟೆಯಾಯಿತು. ತುಕ್ಕು ಹಿಡಿದ ಕೆಳಗಿನ ಬೋಲ್ಟು ಸಿನ್ನರಾಸನಿಂದ ಬಯ್ಯಿಸಿಕೊಂಡು, ಸೀಮೆಎಣ್ಣೆ ಕುಡಿದು, ಕೊನೆಗೆ ಕಿರಗುಟ್ಟಿ ತಿರುಗಿತು. ಪೂಮಣಿ ಕರಿ ಚಹಾ ಮತ್ತು ಕಚ್ಚಿಕೊಳ್ಳಲು ತಾಳೆಬೆಲ್ಲದ ಚೂರು ತಂದಳು. ಗಂಡನ ಮಣಿಕಟ್ಟಿನ ಹಗ್ಗ ನೋಡಿದಳು. ಆ ದಿನ ಬಂಕರಿನೊಳಗೆ ಅವನ ಖಾಲಿ ಕೈಯನ್ನು ಅವಳೂ ನೋಡಿದ್ದಳು.

"ಒಂದು ಮಾತು ಹೇಳ್ತೀನಿ ಕೇಳಿ," ಎಂದಳು ಮೆಲ್ಲಗೆ. ಅವಳ ಪ್ರತಿ ಮಾತಿನ ಹಿಂದೆ ಸಣ್ಣ ಸಿಳ್ಳು ಇತ್ತು. "ಈ ಸಲವೂ ಅಣ್ಣನ್ನ ಬಿಟ್ಟು ಓಡಿಬಂದ್ರೆ ಬಂಕರಿನೊಳಗೆ ನಿಮಗೆ ಜಾಗ ಇಲ್ಲ. ಬಾಗಿಲಲ್ಲೇ ನಾನು ಕೂತಿರ್ತೀನಿ."

"ನಿನಗೆ ಎದೆ ಬಿಗೀತಾ ಇದೆಯಾ?"

"ಮಾತು ಮರೆಸಬೇಡಿ."

ಹೊಸ ಮೋಟರನ್ನು ಸಿನ್ನರಾಸ ಎದೆಯ ಮೇಲಿಟ್ಟುಕೊಂಡು ಕೆಳಗೆ ಜಾರಿದ. ಒಳ್ಳೆ ಕುಂಬಳಕಾಯಿಯ ತೂಕ ಅದು. ಕಾಲೆರಡು ಮಾತ್ರ ಹೊರಗೆ ಕಾಣಿಸುತ್ತಿದ್ದವು. ಕಂದಪ್ಪು ಬಾನೆಟ್ಟಿನೊಳಗೆ ಬಗ್ಗಿ ಮೇಲಿನ ಬೋಲ್ಟನ್ನು ಎರಡು ಸುತ್ತು ಹಿಡಿಸಿದ. ಅಷ್ಟರಲ್ಲಿ ಅವನ ಕತ್ತಿನ ಕೂದಲು ನೆಟ್ಟಗಾಯಿತು.

ಸೊಳ್ಳೆ. ದಕ್ಷಿಣದಲ್ಲಿ.

ಪೂಮಣಿ ಬಂಕರಿನ ಕಡೆ ನಡೆಯುವುದು ಕಂಡಿತು, ಓಡಿದರೆ ಅವಳಿಗೆ ದಮ್ಮು ಏರುತ್ತದೆ. ಕಂದಪ್ಪು ಹಗ್ಗವನ್ನು ಎಳೆದ. ಎರಡು ಸಲ. ಇನ್ನೆರಡು ಸಲ.

"ಆಗಲ್ಲ," ಎಂದಿತು ಕಾರಿನ ಕೆಳಗಿನ ದೊಡ್ಡ ದನಿ. "ಮೋಟರು ಒಂದೇ ಬೋಲ್ಟಲ್ಲಿ ನೇತಾಡ್ತಿದೆ. ಕೈ ಬಿಟ್ರೆ ಮುಖದ ಮೇಲೆ ಬೀಳುತ್ತೆ. ನೀನು ಹೋಗು."

ಹೋಗು ಎಂದದ್ದೇ ಸಾಕಾಯಿತು. ಕಂದಪ್ಪುವಿನ ಕಾಲುಗಳು ಅವನನ್ನು ಕೇಳದೆಯೇ ಹೊರಟವು. ಬಂಕರು ಹದಿನೈದು ಹೆಜ್ಜೆ. ಐದನೆಯ ಹೆಜ್ಜೆಗೆ ಎಡಗೈ ಹಿಂದಕ್ಕೆ ಜಗ್ಗಿತು. ತಿರುಗಿ ನೋಡಿದರೆ ಹಗ್ಗ ಬಿಗಿದು ನಿಂತಿದೆ, ಅದರ ಆ ತುದಿಯಲ್ಲಿ ಸಿನ್ನರಾಸನ ಒಣಕಲು ಎಡಗಾಲು ಗಾಳಿಯಲ್ಲಿ ಎದ್ದು ನಿಂತಿದೆ. ಬಲಗೈಯಿಂದ ಗಂಟು ಕೆದರಿದ. ಗಂಟಿನ ಮೇಲೆ ಗಂಟು. ಹಲ್ಲು ಹಾಕಿದ. ಸದ್ದು ಈಗ ಸೊಳ್ಳೆಯಾಗಿರಲಿಲ್ಲ, ಹಿಟ್ಟಿನ ಗಿರಣಿಯಾಗಿತ್ತು. ಬಂಕರಿನ ಬಾಗಿಲಲ್ಲಿ ಪೂಮಣಿ ಕುಳಿತು ಅವನನ್ನೇ ನೋಡುತ್ತಿದ್ದಳು.

ಅವನು ಅಳುತ್ತ ಹಿಂದಕ್ಕೆ ಓಡಿದ. ಧೈರ್ಯ ಬಂತೆಂದು ಯಾರೂ ತಿಳಿಯಬಾರದು. ಧೈರ್ಯದ ಸುಳಿವೂ ಇರಲಿಲ್ಲ. ಎಲ್ಲಾದರೂ ಒಂದು ಕಡೆ ತಲೆ ತೂರಿಸಬೇಕಿತ್ತು, ತೂರಿಸಲು ಉಳಿದಿದ್ದ ಜಾಗ ಕಾರಿನ ಅಡಿಯೊಂದೇ. ಸಿನ್ನರಾಸನ ಪಕ್ಕಕ್ಕೆ ಉರುಳಿ ಅವನ ಹೆಗಲಿಗೆ ಮುಖ ಒತ್ತಿದ.

"ಬಂದದ್ದು ಬಂದೆ, ಎತ್ತಿ ಹಿಡಿ," ಎಂದ ಸಿನ್ನರಾಸ.

ಕಂದಪ್ಪು ಎರಡೂ ಕೈಯಿಂದ ಮೋಟರನ್ನು ಎತ್ತಿ ಹಿಡಿದ. ಅವನ ನಡುಕಕ್ಕೆ ಮೋಟರೂ ನಡುಗುತ್ತಿತ್ತು, ತೂತಿಗೆ ಬೋಲ್ಟು ಸಿಗುತ್ತಿರಲಿಲ್ಲ. "ಸ್ವಲ್ಪ ಮೇಲೆ. ಸ್ವಲ್ಪ ನನ್ನ ಕಡೆ. ಕುಣಿಸಬೇಡ ಮಚ್ಚಾನ್, ಇದೇನು ಕಾವಡಿನಾ?" ಆಕಾಶ ಹರಿದಂತೆ ಒಂದು ಶಬ್ದ ಇಳಿಯಿತು. ನೆಲ ಬೆನ್ನಿಗೆ ಗುದ್ದಿತು. ಮೇಲಿಂದ ನಲವತ್ತು ವರ್ಷದ ಜಿಡ್ಡು, ಮಣ್ಣು, ತುಕ್ಕು ಇಬ್ಬರ ಮುಖದ ಮೇಲೆ ಸುರಿಯಿತು. ಕಂದಪ್ಪು ಕಣ್ಣು ಮುಚ್ಚಿ, ಬಾಯಿಗೆ ಬಂದ ದೇವರನ್ನೆಲ್ಲ ಕರೆದ. ಕಣ್ಣು ಬಿಟ್ಟಾಗ ಮೋಟರು ಇನ್ನೂ ಅವನ ಕೈಯಲ್ಲಿತ್ತು, ಸಿನ್ನರಾಸ ಬೋಲ್ಟನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ.

"ಹಿಡೀತು. ಇನ್ನು ಸ್ಪ್ಯಾನರಲ್ಲಿ ಬಿಗಿ ಮಾಡೋದೊಂದೇ."

ಆಗ ಬಂಕರಿನಿಂದ ಒಂದು ಸದ್ದು ಬಂತು. ಸಿನ್ನರಾಸನಿಗೆ ಅದು ಕೇಳಿಸುವಂತಿರಲಿಲ್ಲ. ಕಂದಪ್ಪುವಿಗೆ ಕೇಳಿಸಿತು. ತೂತು ಬಿದ್ದ ತಿದಿಯೊತ್ತಿದಂಥ ಸದ್ದು. ಬಾಂಬಿನ ಧೂಳು ಬಂಕರಿನೊಳಗೆ ಮಂಜಿನಂತೆ ತುಂಬಿತ್ತು.

ಸಿನ್ನರಾಸನ ಕಾಲಿನ ಗಂಟು ಬಿಚ್ಚಿ, ಮಣಿಕಟ್ಟಿನ ಹಗ್ಗ ಎಳೆದುಕೊಂಡೇ ಬಂಕರಿಗೆ ಓಡಿದ. ಅವಳನ್ನು ಹೊರಗೆ ಎತ್ತಿತಂದಾಗ ಕೊರಳಿನ ನರಗಳೆಲ್ಲ ಉಬ್ಬಿದ್ದವು. ಎರಡು ಕೈಯಲ್ಲಿ ಗಾಳಿಯನ್ನು ಬಾಚಿಕೊಳ್ಳುತ್ತಿದ್ದಳು. ಅವಳ ಕಣ್ಣಿನಲ್ಲಿದ್ದ ಭಯ ನೋಡಿ ಕಂದಪ್ಪುವಿಗೆ ಬೊಂಬರ್ ಮರೆತೇಹೋಯಿತು. ಮುಂದಿನ ಸೀಟಿನಲ್ಲಿ ಕೂರಿಸಿ ಕಿಟಕಿ ಇಳಿಸಿದ. ಸಿನ್ನರಾಸ ಗಾಲಿಗಳನ್ನು ದಿಮ್ಮಿಯಿಂದ ಉರುಳಿಸಿ ಇಳಿಸಿದ. ಕೆಳಗಿನ ಬೋಲ್ಟು ಬೆರಳಿನ ಬಿಗಿಯಲ್ಲೇ ಉಳಿಯಿತು.

ದೇವರ ಗೂಡಿನ ಸೀಸೆಯಲ್ಲಿದ್ದದ್ದು ಎರಡೇ ಸಿರಿಂಜು. ಮೊದಲನೆಯದನ್ನು ಕಾರ್ಬ್ಯುರೇಟರಿಗೆ ಬಿಟ್ಟು, ಓಡಿಹೋಗಿ ಗುಬುಟು ಎಳೆದ. ಏನೂ ಇಲ್ಲ. 'ಟಕ್' ಕೂಡ ಇಲ್ಲ. ಮತ್ತೆ ಎಳೆದ. ಮಗು ಆಟದ ಕಾರಿನದ್ದು ಎಳೆದಂತೆ, ಬರೀ ತಂತಿಯ ಸದ್ದು. ಬೆವರು ಕಿತ್ತುಕೊಂಡು ಬಂತು. ಮೇಕೆಯ ಮೋಟರು ಸತ್ತೇಹೋಗಿದೆ, ಏಳು ಹೆಂಗಸರನ್ನು ಕೂಗಬೇಕು, ಅವರೆಲ್ಲ ಬಂಕರಿನಲ್ಲಿದ್ದಾರೆ, ಯಾರೂ ಬರುವುದಿಲ್ಲ. ಪಕ್ಕದಲ್ಲಿ ಸಿಳ್ಳು ಸಣ್ಣದಾಗುತ್ತಿತ್ತು. ಸಿಳ್ಳು ಸಣ್ಣದಾಗುವುದು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದರು.

ಸಿನ್ನರಾಸ ಬಾನೆಟ್ಟಿನ ಮೇಲೆ ಅಂಗೈ ಬಡಿದ. "ವಯರ್! ಬ್ಯಾಟರಿ ವಯರ್ ಹಾಕಿದ್ಯೇನೋ ಮಂಕೇ?"

ಹಾಕಿರಲಿಲ್ಲ. ಬಗ್ಗಿಸಿಟ್ಟಲ್ಲೇ ಬಿದ್ದಿತ್ತು. ಸಿನ್ನರಾಸ ಅದನ್ನು ತೂರಿಸಿ ಕಲ್ಲಿನಿಂದ ಗುದ್ದಿದ. ಅಷ್ಟರಲ್ಲಿ ಸೆಕೆಗೆ ಮೊದಲಿನ ಪೆಟ್ರೋಲು ಆರಿಹೋಗಿತ್ತು. ಎರಡನೆಯ, ಕೊನೆಯ ಸಿರಿಂಜು. ಕಂದಪ್ಪು ಉಸಿರು ಬಿಗಿಹಿಡಿದು ಗುಬುಟು ಎಳೆದ. ಹೊಸ ಮೋಟರು ಗೊರ್ರೆಂದು ಕಿರುಚಿ, ಸಡಿಲ ಬೋಲ್ಟಿನಲ್ಲಿ ಕುಲುಕಾಡಿ, ಇಂಜಿನ್ನನ್ನು ಒಂದು ಸುತ್ತು, ಎರಡು ಸುತ್ತು ತಿರುಗಿಸಿತು. ಆಸ್ಟಿನ್ ಕೆಮ್ಮಿತು. ಹೊತ್ತಿಕೊಂಡಿತು. ಮೂರು ತಿಂಗಳಲ್ಲಿ ಮೊದಲ ಸಲ, ಯಾರೂ ತಳ್ಳದೆ.

ದಾರಿ ಆರು ಮೈಲಿ, ಅದರಲ್ಲಿ ಎರಡು ಮೈಲಿ ಬರೀ ಬಯಲು, ಒಂದು ಮರವಿಲ್ಲ. ಕಾರು ಓಡಿಸುವವರಿಗೆಲ್ಲ ಅಲ್ಲೊಂದು ರೂಢಿಯಿತ್ತು. ಬಯಲಿಗೆ ಇಳಿಯುವ ಮೊದಲು, ಆಮೇಲೂ ಅನುಮಾನ ಬಂದಾಗಲೆಲ್ಲ ಇಂಜಿನ್ ಆರಿಸಿ, ತಲೆ ಹೊರಹಾಕಿ ಆಕಾಶ ಕೇಳುವುದು. ಸದ್ದಿದ್ದರೆ ಕಾರು ಬಿಟ್ಟು ಚರಂಡಿಗೆ ಹಾರುವುದು. ಕಂದಪ್ಪು ಈ ರೂಢಿಯಲ್ಲಿ ಎತ್ತಿದ ಕೈ. ಆರು ಮೈಲಿಗೆ ಇಪ್ಪತ್ತು ಸಲ ಆರಿಸಿದ ದಿನವೂ ಉಂಟು. ಇಂದು ಒಂದು ಸಲ ಆರಿಸಿ ಚರಂಡಿಯಲ್ಲಿ ಕೂತರೂ ಇಂಜಿನ್ ತಣ್ಣಗಾಗುತ್ತದೆ, ಮತ್ತೆ ಎಬ್ಬಿಸಲು ಒಂದು ಹನಿ ಪೆಟ್ರೋಲಿಲ್ಲ.

"ನನಗೆ ಕೇಳಿಸಲ್ಲ," ಎಂದು ಅವನು ಹಿಂದಿನ ಸೀಟಿನಲ್ಲಿದ್ದ ಸಿನ್ನರಾಸನ ಕಡೆ ತಿರುಗಿ ತುಟಿ ಅಗಲಿಸಿ ಹೇಳಿದ. ಸೀಮೆಎಣ್ಣೆಯ ಇಂಜಿನ್ನು ಬಡಿಯುವ ಸದ್ದಿನಲ್ಲಿ ಅವನೂ ಈಗ ಕಿವುಡನೇ. "ಸಿನ್ನರಾಸ, ನನಗೇನೂ ಕೇಳಿಸಲ್ಲ."

"ನಾನು ನೋಡ್ತೀನಿ." ಸಿನ್ನರಾಸ ಹಿಂದಿನ ಕಿಟಕಿಯಿಂದ ಸೊಂಟದವರೆಗೆ ಹೊರಬಂದು ಬಾಗಿಲ ಮೇಲೆ ಕುಳಿತ. ಹಗ್ಗದ ಬಿಚ್ಚಿದ ತುದಿಯನ್ನು ಮುಷ್ಟಿಯಲ್ಲಿ ಹಿಡಿದ. ಇನ್ನೊಂದು ತುದಿ ಕಂದಪ್ಪುವಿನ ಮಣಿಕಟ್ಟಿನಲ್ಲೇ ಇತ್ತು. "ಕಂಡ್ರೆ ಎಳೀತೀನಿ. ನೀನು ರಸ್ತೆ ನೋಡು."

ಆ ಎರಡು ಮೈಲಿ ಕಂದಪ್ಪು ಮಣಿಕಟ್ಟಿನಲ್ಲೇ ಬದುಕಿದ. ರಸ್ತೆಯ ಗುಂಡಿಗೆ ಕಾರು ಕುಕ್ಕಿದಾಗಲೆಲ್ಲ ಹಗ್ಗ ಅಲುಗಿ ಅವನ ಜೀವ ಬಾಯಿಗೆ ಬರುತ್ತಿತ್ತು. ಇದು ಎಳೆದದ್ದೋ, ಅಲುಗಿದ್ದೋ? ಬಲಗೈ ಎರಡು ಸಲ ಇಂಜಿನ್ನಿನ ಕೀಲಿಯ ಹತ್ತಿರ ಹೋಗಿ ವಾಪಸು ಬಂತು. ಪೂಮಣಿಯ ತಲೆ ಕಿಟಕಿಗೆ ಒರಗಿತ್ತು, ಬಾಯಿ ಮೀನಿನಂತೆ ತೆರೆದು ಮುಚ್ಚುತ್ತಿತ್ತು. "ಇನ್ನೇನು ಬಂತು, ನೋಡು, ಚರ್ಚ್ ಬಂತು, ನೋಡು, ನೀರಿನ ಟ್ಯಾಂಕ್ ಬಂತು," ಎಂದು ಇಲ್ಲದ್ದನ್ನೆಲ್ಲ ಬಂತೆಂದು ಹೇಳುತ್ತ ಆಕ್ಸಿಲರೇಟರ್ ನೆಲಕ್ಕೆ ತುಳಿದ. ಹಗ್ಗ ಎಳೆಯಲಿಲ್ಲ. ಕೊನೆಗೆ ನಿಜವಾದ ಟ್ಯಾಂಕೇ ಬಂತು, ಆಮೇಲೆ ಆಸ್ಪತ್ರೆಯ ಗೇಟು.

ದಾದಿಯರು ಪೂಮಣಿಯನ್ನು ಒಳಗೆ ಕೊಂಡೊಯ್ದು ಮೂಗಿಗೆ ಗಾಳಿಯ ಕೊಳವೆ ಹಿಡಿದರು. ಬಾಗಿಲ ಹೊರಗೆ ನಿಲ್ಲು ಎಂದರು. ಕಂದಪ್ಪು ಅಂಗಳಕ್ಕೆ ಬಂದ. ಆರಿಸಲು ಧೈರ್ಯವಿಲ್ಲದೆ ಬಿಟ್ಟಿದ್ದ ಕಾರು ವಾರ್ಡಿನ ಕಿಟಕಿಯ ಕೆಳಗೆ ಇನ್ನೂ ಬಡಿದುಕೊಳ್ಳುತ್ತ ನಿಂತಿತ್ತು. ಸಿನ್ನರಾಸ ಪಕ್ಕದಲ್ಲಿ ನೆಲಕ್ಕೆ ಕುಳಿತಿದ್ದ. ಅವನ ಮುಖ ಬೂದಿಯಂತಿತ್ತು.

"ಪುಣ್ಯ," ಎಂದ ಕಂದಪ್ಪು. "ದಾರೀಲಿ ಒಂದು ಸಲವೂ ಬರ್ಲಿಲ್ಲ."

ಸಿನ್ನರಾಸ ಅವನ ತುಟಿ ನೋಡಿದ. "ಎರಡು ಸಲ ಬಂತು," ಎಂದ. ಅವನ ಮಾತು ಇಷ್ಟು ಮೆಲ್ಲಗೆ ಬಂದದ್ದನ್ನು ಕಂದಪ್ಪು ಕೇಳಿಯೇ ಇರಲಿಲ್ಲ. "ಬಯಲಲ್ಲೇ. ಎರಡನೇ ಸಲ ನೆತ್ತಿ ಮೇಲೇ ಹೋಯ್ತು. ಹೊಟ್ಟೆ ಕಾಣಿಸ್ತು."

ಕಂದಪ್ಪು ಕಾರಿನ ಗಾಲಿಗೆ ಒರಗಿ ಕುಳಿತುಬಿಟ್ಟ. ಆರು ಮೈಲಿಯ ಹೆದರಿಕೆ ಈಗ ಒಟ್ಟಿಗೇ ಬಂತು. ಹಲ್ಲು ಕಟಕಟ ಎನ್ನತೊಡಗಿದವು.

"ನೀನು ಎಳೀಲಿಲ್ಲ."

"ಎಳೀಲಿಲ್ಲ. ಎಳೆದಿದ್ರೆ ನಿನ್ನ ಕೈ ತಾನಾಗೇ ಕೀಲಿಗೆ ಹೋಗ್ತಿತ್ತು. ಆರಿಸಿಬಿಡ್ತಿದ್ದೆ. ತಂಗಿ ಅಲ್ಲೇ ಹೋಗ್ತಿದ್ಲು." ಸಿನ್ನರಾಸ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಕೈಯಲ್ಲಿ ಹಗ್ಗ ಇಟ್ಕೊಂಡು ಎಳೀದೆ ಇರೋದು ಅಷ್ಟು ಸುಲಭ ಅಲ್ಲ ಮಚ್ಚಾನ್. ಅವತ್ತು ನೀನು ಹೇಗೆ ಬಿಟ್ಟೆಯೋ."

ಕಂದಪ್ಪು ತಲೆ ತಗ್ಗಿಸಿದ. ಆಮೇಲೆ, ತುಟಿ ಅವನಿಗೆ ಕಾಣಬೇಕಲ್ಲ ಎಂದು ಮುಖ ಎತ್ತಿ ಹೇಳಿದ. "ಗಂಟು ಜಾರಿರಲಿಲ್ಲ. ನಾನು ಓಡಿಹೋಗಿದ್ದೆ."

"ಗೊತ್ತು. ಹಗ್ಗ ಬಿಗಿಯಾದ್ರೆ ಕಾಲಿಗೆ ಗೊತ್ತಾಗುತ್ತೆ. ಅದಕ್ಕೆ ಕಿವಿ ಬೇಡ."

"ಗೊತ್ತಿದ್ದೂ ಬಂದ್ಯಲ್ಲ."

"ಅದಕ್ಕೇ ಎರಡು ಗಂಟು ಹಾಕಿದ್ದು." ಸಿನ್ನರಾಸ ಎದ್ದು ಸ್ಪ್ಯಾನರ್ ತೆಗೆದುಕೊಂಡ. "ಇಂಜಿನ್ ಆರಿಸು. ಕೆಳಗಿನ ಬೋಲ್ಟ್ ಬಿಗಿ ಮಾಡಬೇಕು. ವಾಪಸ್ ಹೋಗೋಕೆ ಒಂದು ಸಿರಿಂಜು ಪೆಟ್ರೋಲು ಇಲ್ಲೇ ಯಾರನ್ನಾದ್ರೂ ಬೇಡೋಣ."

ಕಂದಪ್ಪು ಕೀಲಿ ತಿರುಗಿಸಿದ. ಇಂಜಿನ್ ಕೊನೆಯ ಸಲ ಕೆಮ್ಮಿ ನಿಂತಿತು. ಸಿನ್ನರಾಸ ರೂಢಿಯಂತೆ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಕಾರಿನ ಕೆಳಗೆ ಜಾರಿದ. ಅಂಗಳ ನಿಶ್ಶಬ್ದವಾಯಿತು. ಇಂಥ ನಿಶ್ಶಬ್ದದಲ್ಲಿ ಕಂದಪ್ಪುವಿನ ಕಿವಿ ಮೊದಲು ಹೋಗುತ್ತಿದ್ದದ್ದು ದಕ್ಷಿಣಕ್ಕೆ. ಇವತ್ತು ಅದು ತಲೆಯ ಮೇಲಿನ ಕಿಟಕಿಗೆ ಹೋಯಿತು. ಒಳಗೆ ಯಾರೋ ಕೆಮ್ಮಿದರು. ಮತ್ತೆ ಕೆಮ್ಮಿದರು. ಆಮೇಲೆ ಒಂದು ಒಡಕು ದನಿ ದಾದಿಯನ್ನು ಕೇಳಿತು: "ನಮ್ಮನೆಯವರು ಎಲ್ಲಿ? ಅಳ್ತಾ ಇದ್ದಾರಾ?"

ಕಂದಪ್ಪು ಮಣಿಕಟ್ಟನ್ನು ಮೆಲ್ಲಗೆ ಜಗ್ಗಿ ಹಗ್ಗವನ್ನು ಒಂದು ಸಲ ಎಳೆದ. ಒಂದೇ ಸಲ: 'ಏನೋ ಹೇಳಬೇಕು'.